ಉಗುರಿನ ಮೇಲಿನ ಮನೆಗುರುತು

ನಾಗಲಿಂಗಮ್ಮನಿಗೆ ಹಗಲುಗನಸಿನ ಚಾಳಿ ಮೊದಲಿನಿಂದಲೂ ಇತ್ತು. ಒಲೆಯ ಮೇಲೆ ಹಾಲಿಟ್ಟು ಕಿಟಕಿಯಾಚೆಯ ಹೊಳೆ ನೋಡುತ್ತ ನಿಂತಳೆಂದರೆ ಮುಗಿಯಿತು. ಹಾಲು ಉಕ್ಕಿ, ಒಲೆ ಆರಿ, ಅತ್ತೆ ಶಿವಬಸಮ್ಮ ಪಡಸಾಲೆಯಿಂದ ಕೂಗಿದ ಮೇಲೆಯೇ ಅವಳು ಮನೆಗೆ ವಾಪಸು ಬರುತ್ತಿದ್ದದ್ದು. ಅಂಥವಳು ಊರಲ್ಲಿ ಮತದಾರರ ಬಳಗ ಕಟ್ಟಿದಳೆಂದರೆ ಹೊರಗಿನವರು ನಂಬುವುದು ಕಷ್ಟ. ಆದರೆ ಇಂಥ ಕೆಲಸಕ್ಕೆ ಕೈ ಹಾಕುವವರೇ ಕನಸು ಕಾಣುವವರು. ಬುದ್ಧಿವಂತರು ಮೊದಲು ತಮಗೇನು ಬಂತು ಎಂದು ನೋಡುತ್ತಾರೆ, ಆಮೇಲೆ ಚಾಪೆ ಹಾಸಿಕೊಂಡು ಮಲಗುತ್ತಾರೆ.

ಅವಳ ಊರು ಹಳೇತೋಟ. ಹಡಗಲಿ ತಾಲ್ಲೂಕಿನಲ್ಲಿ, ಮಾಗಳ ದಾಟಿ ತುಂಗಭದ್ರೆಯ ದಂಡೆಗುಂಟ ಸ್ವಲ್ಪ ಕೆಳಗೆ ಬಂದರೆ ಸಿಗುವ ನೂರಿಪ್ಪತ್ತು ಮನೆಗಳ ಊರು. ಮಲ್ಲಿಗೆ ಬಿಟ್ಟರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬೇಸಿಗೆ ಬಂತೆಂದರೆ ಹೊಳೆಯ ಕಡೆಯ ಗಾಳಿಗೂ ಆ ವಾಸನೆ, ಕುಡಿಯುವ ನೀರಿಗೂ ಆ ವಾಸನೆ. ಹೊಸದಾಗಿ ಬಂದವರಿಗೆ ಎರಡು ದಿನ ತಲೆ ಭಾರವಾಗಿ, ನಡೆಯುವಾಗಲೂ ನಿದ್ದೆಯಲ್ಲಿದ್ದಂತೆ ಆಗುತ್ತದೆ. ನಸುಕಿನಲ್ಲಿ ಹೆಂಗಸರು ಮೊಗ್ಗು ಬಿಡಿಸುತ್ತಾರೆ, ಬಿಸಿಲೇರುವುದರೊಳಗೆ ಕಟ್ಟುತ್ತಾರೆ, ಒಂಬತ್ತರ ಬಸ್ಸಿಗೆ ಹಾಕುತ್ತಾರೆ. ಓಟಿನ ದಿನವಾದರೂ ಮೊಗ್ಗು ಕಾಯುವುದಿಲ್ಲವಲ್ಲ. ಅದೆಲ್ಲ ಮುಗಿಸಿ ಮೂರು ಮೈಲಿ ನಡೆದು ಮತಗಟ್ಟೆ ಮುಟ್ಟುವ ಹೊತ್ತಿಗೆ, ಅವರ ಓಟನ್ನು ಯಾರೋ ಪುಣ್ಯಾತ್ಮರು ಹಾಕಿ ಮುಗಿಸಿರುತ್ತಿದ್ದರು.

ಊರಾಚೆಯ ಕೇರಿಯ ಪಂಪಮ್ಮ ಹೀಗೆ ಏಳು ಸಲ ಹೋಗಿ ಏಳು ಸಲವೂ ಒಂದೇ ಮಾತು ಕೇಳಿಸಿಕೊಂಡು ಬಂದಿದ್ದಳು: ನಿನ್ನ ಓಟು ಆಗೈತಿ. ಅರವತ್ತು ದಾಟಿದ ಹೆಂಗಸು. ಹೂ ಬಿಡಿಸುವುದರಲ್ಲಿ ಅವಳ ಕೈಯಷ್ಟು ಚುರುಕಿನ ಕೈ ಊರಲ್ಲಿ ಇನ್ನೊಂದಿರಲಿಲ್ಲ. ಒಂದು ದಿನ ಅವಳು ನಾಗಲಿಂಗಮ್ಮನ ಜಗುಲಿಯ ಕೆಳಗೆ ನಿಂತು ಕೇಳಿದಳು.

"ಯವ್ವಾ, ಸಾಯೋದ್ರೊಳಗ ಒಂದ್ಸಲನಾರ ನನ್ನ ಓಟು ನಾನಾ ಹಾಕ್ತೀನೇನು?"

"ಹಾಕ್ತೀ. ನಾ ಹಾಕಸ್ತೀನಿ" ಎಂದುಬಿಟ್ಟಳು ನಾಗಲಿಂಗಮ್ಮ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ರವಿಕೆ ಹೊಲಿದುಕೊಂಡು, ಅತ್ತೆಯ ಮಡಿಗೆ ಭಂಗ ಬಾರದಂತೆ ಮನೆ ನಡೆಸಿಕೊಂಡಿದ್ದವಳು. ಅವತ್ತಿನವರೆಗೆ ಯಾರಿಗೂ ಯಾವ ಮಾತನ್ನೂ ಕೊಟ್ಟವಳಲ್ಲ. ಕೊಟ್ಟ ಮೇಲೆ ಮೈಯೆಲ್ಲ ಹಗುರವಾದಂತೆನಿಸಿ ಬಹಳ ಹೊತ್ತು ಜಗುಲಿಯ ಮೇಲೆಯೇ ಕೂತಿದ್ದಳು.

ಬಳಗ ಹುಟ್ಟಿದ್ದು ಹಾಗೆ. ಅದರಲ್ಲಿ ಅವಳು, ರೇಡಿಯೊ ಮತ್ತು ಪಂಪ್‌ಸೆಟ್ ರಿಪೇರಿಯ ಫಿರೋಜ್, ಆಮೇಲೆ ಕೂಡಿಕೊಂಡ ಹತ್ತಾರು ಹೂ ಕಟ್ಟುವ ಹೆಂಗಸರು. ಕಟ್ಟಳೆ ಒಂದೇ: ಯಾವ ಪಕ್ಷದವರ ಚಹಾವನ್ನೂ ಕುಡಿಯಕೂಡದು. ಎರಡು ವರ್ಷ ಅರ್ಜಿ ಬರೆದು ಬರೆದು, ಹಡಗಲಿಯ ಕಚೇರಿಯ ಬಾಗಿಲು ಸವೆಸಿ, ಕೊನೆಗೆ ೨೦೦೪ರ ಚುನಾವಣೆಗೆ ಹಳೇತೋಟದ ಶಾಲೆಯಲ್ಲೇ ಒಂದು ಮತಗಟ್ಟೆ ಮಂಜೂರು ಮಾಡಿಸಿದರು. ಮತದಾರರ ಪಟ್ಟಿ ತಂದು, ಫಿರೋಜನ ಅಂಗಡಿಯ ಮುಂದಿನ ಬೇವಿನ ನೆರಳಿನಲ್ಲಿ ಹೆಂಗಸರು ಹೂ ಕಟ್ಟುತ್ತ ಕೂತಾಗ ನಾಗಲಿಂಗಮ್ಮ ಗಟ್ಟಿಯಾಗಿ ಓದುತ್ತಿದ್ದಳು. ತನ್ನ ಹೆಸರು ಬಂದವಳು ದಾರದಿಂದ ಕಣ್ಣೆತ್ತದೆ "ಅದೀನಿ" ಎನ್ನಬೇಕು. ಬೇವಿನ ಹೂ ತಲೆಯ ಮೇಲೆ ಉದುರುತ್ತಿತ್ತು, ಮಲ್ಲಿಗೆ ಮಡಿಲಲ್ಲಿ ಬೆಳೆಯುತ್ತಿತ್ತು, ನಡುನಡುವೆ "ಅದೀನಿ", "ಅದೀನಿ". ಇಡೀ ಊರು ನಿದ್ದೆಯಲ್ಲಿ ತನ್ನ ಹೆಸರು ತಾನೇ ಹೇಳಿಕೊಳ್ಳುತ್ತಿದೆ ಎಂದು ನಾಗಲಿಂಗಮ್ಮನಿಗೆ ಅನಿಸುತ್ತಿತ್ತು. ಅಂಥ ಸುಖ ಅವಳು ಮದುವೆಯಲ್ಲೂ ಕಂಡಿರಲಿಲ್ಲ.

ಒಂದು ತೊಡಕು ಉಳಿದಿತ್ತು. ಓಟಿನ ಮಸಿ ಬೆರಳಿಗೆ ತಾಗಿದರೆ ಆ ಕೈಯಲ್ಲಿ ಕಟ್ಟಿದ ಮೊಗ್ಗು ಕಪ್ಪಾಗುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಹೆಂಗಸರು ಮತಗಟ್ಟೆಗೆ ಹೋಗದಿದ್ದರೆ ಯಾರಿಗೆ ಲಾಭವೋ ಅವರೇ ಹಬ್ಬಿಸಿರಬೇಕು. ಬರೀ ಬಾಯಿಮಾತಿನಲ್ಲಿ ಈ ಭಯ ಹೋಗುವಂಥದ್ದಲ್ಲ. ಹಾಗಾಗಿ ಸೋಮವಾರದ ಮತದಾನಕ್ಕೆ ಮೊದಲಿನ ಬುಧವಾರ ಬೇವಿನ ಕೆಳಗೆ ಅಭ್ಯಾಸಕ್ಕೊಂದು ಸುಳ್ಳು ಓಟು ನಡೆಸುವುದೆಂದು ಬಳಗ ತೀರ್ಮಾನಿಸಿತು.

ಫಿರೋಜ್ ಪ್ಲೈವುಡ್ಡಿನ ಪೆಟ್ಟಿಗೆಗೆ ನಾಲ್ಕು ಗುಂಡಿ ಕೂರಿಸಿ, ಒಳಗೆ ಮನೆಬಾಗಿಲ ಗಂಟೆಯೊಂದನ್ನು ಜೋಡಿಸಿ ಮತಯಂತ್ರ ಮಾಡಿದ್ದ. ಅಭ್ಯರ್ಥಿಗಳು ಬದನೆಕಾಯಿ, ಹೋಳಿಗೆ, ಬೆಕ್ಕು ಮತ್ತು ಕುಂಟೆ. "ಅಕ್ಕಾ, ಗುಂಡಿ ಒತ್ರಿ, ಕೂಗು ಕೇಳೋತನಕ ಬಿಡಬ್ಯಾಡ್ರಿ. ಕೂಗಿದ್ರ ಬಿತ್ತು ಅಂತ ಲೆಕ್ಕ" ಎಂದು ಒಬ್ಬೊಬ್ಬರಿಗೂ ಹೇಳಿಕೊಟ್ಟ. ಬೆರಳಿಗೆ ಹಚ್ಚಲು ಪೆನ್ನಿನ ಮಸಿ ತಂದಿಟ್ಟಿದ್ದರು. ಪಂಪಮ್ಮ ಅದನ್ನು ನೋಡಿ ನಕ್ಕಳು.

"ಇದು ತೊಳದ್ರ ಹೊಕ್ಕೈತಿ. ನಮಗ ಅಂಜಿಕಿ ಇರೋದು ತೊಳದ್ರ ಹೋಗಲಾರದ ಮಸೀದು."

ಮಾತು ನಿಜವಾಗಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಅಗಸರ ಪಕ್ಕೀರಪ್ಪನ ಕಡೆ ಎಲ್ಲರೂ ತಿರುಗಿದರು. ಬಟ್ಟೆಯ ಮೂಲೆಗೆ ಆಯಾ ಮನೆಯ ಗುರುತು ಹಾಕುವ ಕೇರುಬೀಜದ ಕಪ್ಪು ರಸ ಅವನ ಹತ್ತಿರ ಸದಾ ಇರುತ್ತಿತ್ತು. ನೂರು ಸಲ ಕಲ್ಲಿಗೆ ಬಡಿದರೂ ಬಿಡದ ಕಪ್ಪು.

"ಚರ್ಮಕ್ಕ ತಾಗಿದ್ರ ಬೊಬ್ಬಿ ಏಳ್ತಾವು. ಸುಣ್ಣ ಕಲಸಿ ಉಗುರಿನ ಮ್ಯಾಲ ಇಡ್ತೀನಿ" ಎಂದ ಪಕ್ಕೀರಪ್ಪ, ಮತ್ತು ಕಡ್ಡಿ ಹಿಡಿದು ಕೂತ.

ಮೂವತ್ತೆರಡು ಹೆಂಗಸರು ಎಡಗೈ ತೋರುಬೆರಳು ಚಾಚಿ, ಉಗುರಿಗೆ ಕಪ್ಪು ಇಡಿಸಿಕೊಂಡು, ಗುಂಡಿ ಒತ್ತಿ, ಗಂಟೆ ಕೂಗಿದ್ದಕ್ಕೆ ಬೆಚ್ಚಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಬದನೆಕಾಯಿ ಭಾರೀ ಬಹುಮತದಿಂದ ಗೆದ್ದಿತು. ಆಮೇಲೆ ಅದೇ ಕೈಗಳಿಂದ ಹೂ ಕಟ್ಟಿದರು. ಕಪ್ಪು ಉಗುರುಗಳ ನಡುವೆ ಬಿಳಿ ಮೊಗ್ಗು ಹಾದು ಹೋದವು, ಬಿಳಿಯಾಗಿಯೇ ಹೊರಬಂದವು. ಒಬ್ಬಳಾದ ಮೇಲೆ ಒಬ್ಬಳು ಮಾಲೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದರು. ನಾಗಲಿಂಗಮ್ಮ ಅದನ್ನೆಲ್ಲ ನೋಡುತ್ತ ಎಷ್ಟು ಮೈಮರೆತಳೆಂದರೆ ತನ್ನ ಬೆರಳಿಗೆ ಹಚ್ಚಿಸಿಕೊಳ್ಳುವುದೇ ಅವಳಿಗೆ ಮರೆತುಹೋಯಿತು.

ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ನಾಲ್ಕು ದಿನ ಆ ಕಪ್ಪು ಉಗುರುಗಳು ಊರ ತುಂಬ ಓಡಾಡಿದವು, ರೊಟ್ಟಿ ತಟ್ಟಿದವು, ಮಕ್ಕಳ ತಲೆ ಬಾಚಿದವು. ನಾಗಲಿಂಗಮ್ಮ ಎಲ್ಲಿ ಅವನ್ನು ಕಂಡರೂ ಹಿಗ್ಗಿದಳೇ ಹೊರತು, ಇವು ಸೋಮವಾರಕ್ಕೂ ಹೀಗೇ ಇರುತ್ತವಲ್ಲ ಎಂಬ ಯೋಚನೆ ಅವಳ ಹತ್ತಿರ ಸುಳಿಯಲಿಲ್ಲ. ಅವಳೊಬ್ಬಳಿಗೇಕೆ, ಊರಲ್ಲಿ ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಅಷ್ಟು ಖುಷಿಯಾಗಿದ್ದರು.

ಸೋಮವಾರ ಏಳಕ್ಕೆ ಬಾಗಿಲು ತೆರೆದಾಗ ಸಾಲಿನಲ್ಲಿ ಮೊದಲು ನಿಂತವಳು ಪಂಪಮ್ಮ. ಹೂ ಬಿಡಿಸುವ ಕೆಲಸವನ್ನು ಜೀವನದಲ್ಲಿ ಮೊದಲ ಸಲ ತಪ್ಪಿಸಿ, ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು ಬಂದಿದ್ದಳು. ಅವಳ ಹಿಂದೆ ನಾಗಲಿಂಗಮ್ಮ. ಸ್ವಲ್ಪ ಅಂತರ ಬಿಟ್ಟು, ಯಾರಿಗೂ ಮೈ ತಾಗದಂತೆ ಸೆರಗು ಬಿಗಿ ಹಿಡಿದು, ಶಿವಬಸಮ್ಮ. ಒಳಗೆ ಮತಗಟ್ಟೆ ಅಧಿಕಾರಿಯಾಗಿ ಹರಪನಹಳ್ಳಿ ಕಡೆಯ ಶಾಲಾಮಾಸ್ತರೊಬ್ಬರು. ಮುಂದೆ ನಿಯಮದ ಪುಸ್ತಕ, ಹಣೆಯ ಮೇಲೆ ಬೆವರು. ಗೋಡೆಗಂಟಿಕೊಂಡು ಎರಡು ಪಕ್ಷದ ಏಜೆಂಟರು ಕೂತಿದ್ದರು.

ಗುಮಾಸ್ತ ಹೆಸರು ಕೂಗಿದ. "ಅದೀನಿ" ಎಂದಳು ಪಂಪಮ್ಮ, ಅಭ್ಯಾಸ ಮಾಡಿದಂತೆಯೇ. ಮಸಿ ಹಚ್ಚುವವನು ಅವಳ ಎಡಗೈ ಹಿಡಿದ, ಹಿಡಿದವನು ಹಾಗೇ ನಿಂತ, ಮಾಸ್ತರ ಮುಖ ನೋಡಿದ. ಮಾಸ್ತರು ಬಗ್ಗಿ ಉಗುರು ನೋಡಿದರು.

"ನಿಂದು ಆಗೈತಲ್ಲಮ್ಮ" ಎಂದರು.

ಎಂಟನೆಯ ಸಲ ಅದೇ ಮಾತು. ಪಂಪಮ್ಮ ಸಿಟ್ಟಾಗಲಿಲ್ಲ, ಅಳಲಿಲ್ಲ. ನಿಧಾನವಾಗಿ ತಿರುಗಿ ನಾಗಲಿಂಗಮ್ಮನ ಮುಖ ನೋಡಿದಳು. ಆ ನೋಟಕ್ಕೆ ನಾಗಲಿಂಗಮ್ಮನ ಎದೆ ಒಡೆದುಹೋಯಿತು. ಮೂವತ್ತೆರಡು ಕಪ್ಪು ಉಗುರುಗಳು ಒಮ್ಮೆಲೇ ಕಣ್ಣ ಮುಂದೆ ಬಂದವು. ಈ ಹೆಂಗಸರ ಓಟನ್ನು ಇಷ್ಟು ವರ್ಷ ಯಾರ್ಯಾರೋ ಕದ್ದಿದ್ದರು. ಈ ಸಲ ಕದ್ದವಳು ತಾನೇ. ಅದೂ ಹೂವಿನ ನಡುವೆ ಕೂತು, ನಗುನಗುತ್ತ.

"ಸರ, ಅದು ಓಟಿನ ಮಸಿ ಅಲ್ರಿ, ಅಗಸರ ಮಸಿ. ನಾನಾ ಹಚ್ಚಿಸೀನಿ" ಎಂದಳು. ಬುಧವಾರದ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಒಬ್ಬ ಏಜೆಂಟ ಎದ್ದು ನಿಂತ. "ಬೇರೆ ಕಡಿ ಹಾಕಿ ಬಂದಾರ ಸರ. ಬಿಡಬ್ಯಾಡ್ರಿ." ಇನ್ನೊಬ್ಬನೂ ಹೌದೆಂದ. ಹೆಂಗಸರು ಯಾರಿಗೆ ಹಾಕುತ್ತಾರೋ ಗೊತ್ತಿಲ್ಲದಿದ್ದರಿಂದ ಇಬ್ಬರೂ ಅಪರೂಪಕ್ಕೆ ಒಂದಾಗಿದ್ದರು.

"ನಾನೇನ್ ಮಾಡ್ಲಮ್ಮ" ಎಂದರು ಮಾಸ್ತರು, ಪುಸ್ತಕದ ಮೇಲೆ ಬೆರಳಿಟ್ಟು. "ಎಡಗೈ ತೋರುಬೆರಳಲ್ಲಿ ಮಸಿ ಇದ್ರೆ ಕೊಡಂಗಿಲ್ಲ ಅಂತ ಬರೆದೈತಿ. ನಿಮ್ಮ ಬೆರಳು ಚೊಕ್ಕ ಐತಿ, ನೀವು ಹಾಕಿ ಹೋಗಿ."

ಅವಳು ಹಾಕಲಿಲ್ಲ. ಪಕ್ಕಕ್ಕೆ ಸರಿದು ನಿಂತಳು. ಫಿರೋಜ್ ಸೈಕಲ್ಲು ಹತ್ತಿ ಹೊಳೆಯ ದಂಡೆಗೆ ಓಡಿ, ಒದ್ದೆ ಧೋತರ ಮೊಣಕಾಲಿಗೇರಿಸಿಕೊಂಡಿದ್ದ ಪಕ್ಕೀರಪ್ಪನನ್ನು ಹಿಂದೆ ಕೂರಿಸಿಕೊಂಡು ಬಂದ. ಹೊರಗೆ ಬಿಸಿಲು ಏರಿತ್ತು. ಹೂ ಕಟ್ಟಿ ಬಸ್ಸಿಗೆ ಹಾಕಿ ಬಂದ ಹೆಂಗಸರು ಸಾಲಿನಲ್ಲಿ ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತ ನಿಂತಿದ್ದರು. ಮಲ್ಲಿಗೆಯ ವಾಸನೆ ಮಾತ್ರ ಎಂದಿನಂತೆ, ಏನೂ ಆಗಿಯೇ ಇಲ್ಲವೆಂಬಂತೆ, ಅವರ ಮೈಯಿಂದ ಬರುತ್ತಿತ್ತು.

ಪಕ್ಕೀರಪ್ಪ ಮಾಸ್ತರಿಗೆ ಕೈ ಮುಗಿದ. "ನನ್ನ ಮಸೀನಾ ಸಾಹೇಬ್ರ. ನೋಡ್ರಿ ಬೇಕಾರ, ಅದು ಬರೇ ಮಸಿ ಅಲ್ಲ, ಗುರುತು. ನಲವತ್ತು ವರ್ಷ ಆತು, ನನ್ನ ಕೈಗೆ ಬರೇ ಚುಕ್ಕಿ ಇಡಾಕ ಬರಂಗಿಲ್ಲ. ಯಾವ ಮನಿಯಾಕಿ ಬೆರಳು ಮುಂದ ಮಾಡ್ತಾಳ, ಆ ಮನಿ ಗುರುತು ತಾನಾ ಬೀಳ್ತೈತಿ."

ಮಾಸ್ತರು ಕನ್ನಡಕ ಒರೆಸಿ ಹಾಕಿಕೊಂಡು ಬಾಗಿಲಿಗೆ ಬಂದು, ಸಾಲಿನಲ್ಲಿದ್ದ ಹೆಂಗಸೊಬ್ಬಳ ಉಗುರು ನೋಡಿದರು. ಸಣ್ಣದೊಂದು ಕತ್ತರಿಗುರುತು. ಅವಳ ಸೀರೆಯ ಸೆರಗಿನ ಮೂಲೆ ಮಗುಚಿದರೆ ಅಲ್ಲೂ ಅದೇ ಕತ್ತರಿಗುರುತು. ಆಚೆಯವಳದ್ದು ಎರಡು ಗೆರೆ. ಸೆರಗಿನಲ್ಲೂ ಎರಡು ಗೆರೆ. ಮಾಸ್ತರ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು. ಸರ್ಕಾರದ ಮಸಿಗೆ ಇಷ್ಟು ಚಂದ ಬರೆಯಲು ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. "ಇವರಿಗೆ ನಡುಬೆರಳಿಗೆ ಹಚ್ಚಪ್ಪ, ನಾನು ಡೈರಿಲಿ ಬರೀತೀನಿ" ಎಂದರು. ಒಬ್ಬೊಬ್ಬರೇ ಬಂದು, ಉಗುರನ್ನೂ ಸೆರಗನ್ನೂ ಜೊತೆಗೆ ಹಿಡಿದು ತೋರಿಸಿ ಒಳಗೆ ಹೋದರು. ಒಳಗಿನಿಂದ ಯಂತ್ರದ ಉದ್ದನೆಯ ಕೂಗು ಮತ್ತೆ ಮತ್ತೆ ಕೇಳಿಬಂತು. ನಾಗಲಿಂಗಮ್ಮ ಗೋಡೆಗೊರಗಿ ಕಪ್ಪು ಉಗುರಿನವರ ಕೂಗುಗಳನ್ನಷ್ಟೇ ಎಣಿಸುತ್ತ, ಕನಸೋ ನಿಜವೋ ತಿಳಿಯದೆ ನಿಂತಳು. ಇಪ್ಪತ್ಮೂರು.

ಇಪ್ಪತ್ಮೂರಕ್ಕೆ ನಿಂತಿತು. ಉಳಿದವರು ಒಂಬತ್ತು ಜನ, ಒಂಬತ್ತೂ ಜನ ಕೇರಿಯವರು. ಎಲ್ಲರಿಗಿಂತ ಮೊದಲು ಬಂದಿದ್ದ ಪಂಪಮ್ಮ ಆ ಒಂಬತ್ತರಲ್ಲಿ ನಿಂತಿದ್ದಳು. ಕೇರಿಯವರ ಬಟ್ಟೆಯನ್ನು ಪಕ್ಕೀರಪ್ಪ ಒಗೆಯುವುದಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ ಅದು, ಆದರೆ ಅವನ ಅಪ್ಪನೂ ಒಗೆದಿರಲಿಲ್ಲ. ಅವರ ಸೆರಗುಗಳನ್ನು ಎಷ್ಟು ಮಗುಚಿದರೂ ಗುರುತಿರಲಿಲ್ಲ. ಉಗುರಿನ ಮೇಲೆ ಮಾತ್ರ ಒಂಬತ್ತೂ ಜನಕ್ಕೆ ಒಂದೇ ಗುರುತು: ಮೂರು ಚುಕ್ಕೆ, ಅಡಿಗೊಂದು ಗೆರೆ.

"ಇದ್ಯಾರ ಮನೇದು?" ಎಂದರು ಮಾಸ್ತರು.

ಪಕ್ಕೀರಪ್ಪ ನೆಲ ನೋಡಿದ. ಅವನ ಪರವಾಗಿ ಪಂಪಮ್ಮನೇ ಹೇಳಿದಳು. "ನಮ್ಮ ಮನಿ ಗುರುತು ಯಾವುದಪಾ ಅಂತ ಕೇಳ್ದೆ ಸರ. ಇವನ ಕೈ ನಿಂತುಬಿಡ್ತು. ನಿಮಗ ಗುರುತಿಲ್ಲಬೇ ಅಂದ. ಆಮ್ಯಾಲ ಆ ಯವ್ವನ ಮಕ ನೋಡಿ, ಆಕಿ ಮನೀದಾ ಇಟ್ಟ."

ಎಲ್ಲರೂ ನಾಗಲಿಂಗಮ್ಮನ ಕಡೆ ತಿರುಗಿದರು. ಅವಳು ತನ್ನ ಸೆರಗಿನ ಮೂಲೆ ಮಗುಚಿದಳು. ಮೂರು ಚುಕ್ಕೆ, ಅಡಿಗೊಂದು ಗೆರೆ. ಹದಿನೆಂಟು ವರ್ಷದಿಂದ ಮೈಮೇಲೆ ಹೊತ್ತು ತಿರುಗಿದ್ದರೂ ಅದನ್ನು ಅವಳು ಸರಿಯಾಗಿ ನೋಡಿದ್ದು ಅವತ್ತೇ.

"ಮೋಸ ಸರ" ಎಂದ ಏಜೆಂಟ. "ಆ ಮನಿ ಗುರುತು ಕೇರ್ಯಾಗಿನವರ ಬೆರಳಿಗೆ ಬರಾಕ ಸಾಧ್ಯನ ಇಲ್ಲ. ಕೇಳ್ರಿ ಬೇಕಾರ, ಮನಿ ಯಜಮಾನಿ ಇಲ್ಲೇ ಅದಾರ." ಅವನು ಶಿವಬಸಮ್ಮನನ್ನು ತೋರಿಸಿದ. ಅವನ ದನಿಯಲ್ಲಿ ಗೆದ್ದವನ ಸಮಾಧಾನವಿತ್ತು. ಕೇರಿಯವರು ಜಗುಲಿ ಹತ್ತಿದರೆ ನೀರು ಚಿಮುಕಿಸುವ ಹೆಂಗಸೆಂದು ಊರಿಗೆಲ್ಲ ಗೊತ್ತು.

ಮಾಸ್ತರು ಕಾಗದ ಮುಂದಿಟ್ಟರು. "ನೋಡಿ, ಈ ಒಂಬತ್ತು ಜನರ ಬೆರಳಲ್ಲಿರೋದು ನಮ್ಮನೆ ಗುರುತು ಅಂತ ಬರೆದು ಸಹಿ ಹಾಕಿದ್ರೆ ಬಿಡ್ತೀನಿ. ಆದ್ರೆ ಇವರು ನಿಮಗೇನಾಗಬೇಕು, ಅದನ್ನೂ ಬರೀಬೇಕು. ನಾಳೆ ನನ್ನ ಕೇಳ್ತಾರೆ."

ನಾಗಲಿಂಗಮ್ಮ ಅತ್ತೆಯ ಕಡೆ ನೋಡಲಿಲ್ಲ. ನೋಡಿದರೆ ಧೈರ್ಯ ಹೋದೀತೆಂದು ಅವಳಿಗೆ ಗೊತ್ತಿತ್ತು. ಪೆನ್ನು ತೆಗೆದುಕೊಂಡು ಬರೆಯುತ್ತ ಗಟ್ಟಿಯಾಗಿಯೇ ಹೇಳಿದಳು.

"ನಮ್ಮ ಮನಿಯವ್ರು ಸರ. ಒಂಬತ್ತೂ ಮಂದಿ ನಮ್ಮ ಮನಿಯವ್ರು."

ಮಾಸ್ತರು ಶಿವಬಸಮ್ಮನ ಕಡೆ ತಿರುಗಿದರು. "ಅಮ್ಮಾ, ಗುರುತು ನಿಮ್ಮದೇನಾ?"

ಶಿವಬಸಮ್ಮನ ತುಟಿ ಬಿಗಿದಿತ್ತು. ಏಜೆಂಟ ಅವಳ ಬಾಯನ್ನೇ ನೋಡುತ್ತಿದ್ದ. ಒಂದು 'ಅಲ್ಲ' ಸಾಕಿತ್ತು. ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಎಪ್ಪತ್ತು ವರ್ಷ ಸುಳ್ಳಾಡದವಳು ಅವಳು.

"ಹೌದು, ಗುರುತು ನಮ್ಮದಾ" ಎಂದಳು.

ಪಂಪಮ್ಮ ಒಳಗೆ ಹೋದಳು. ರಟ್ಟಿನ ಮರೆಯ ಹಿಂದೆ ಅವಳು ಕಾಣಿಸಲಿಲ್ಲ, ಬಹಳ ಹೊತ್ತು ಏನೂ ಕೇಳಿಸಲೂ ಇಲ್ಲ. ಆಮೇಲೆ ಯಂತ್ರ ಕೂಗಿತು. ಹೊರಗೆ ಬಂದವಳು ಯಾರನ್ನೋ ಹುಡುಕುವಂತೆ ನಿಂತು, ನಾಗಲಿಂಗಮ್ಮ ಕಂಡ ಮೇಲೆ ಹೇಳಿದಳು.

"ಕೂಗ್ತಬೇ. ನನ್ನ ಹೆಸರು ಹಿಡದು ಕರದಂಗ ಆತು."

ನಾಗಲಿಂಗಮ್ಮ ಎಲ್ಲರಾದ ಮೇಲೆ, ಕೊನೆಯವಳಾಗಿ ಹಾಕಿದಳು. ಯಾವ ಗುಂಡಿ ಒತ್ತಿದೆನೆಂಬುದಕ್ಕಿಂತ ಆ ಕೂಗೇ ಅವಳ ಮನಸ್ಸಿನಲ್ಲಿ ಉಳಿಯಿತು.

ಸಂಜೆ ಮನೆಗೆ ಬಂದಾಗ ಅವಳ ತಾಟು, ಲೋಟ, ಚಾಪೆ ಜಗುಲಿಯ ಮೇಲಿದ್ದವು. ತಾಟಿನಲ್ಲಿ ಎರಡು ರೊಟ್ಟಿ, ಪಲ್ಯ, ಅವಳಿಗೆ ಇಷ್ಟವೆಂದು ಸ್ವಲ್ಪ ಹೆಚ್ಚೇ ಶೇಂಗಾ ಹಿಂಡಿ. ಶಿವಬಸಮ್ಮ ಹೊಸ್ತಿಲೊಳಗೆ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿದ್ದವು.

"ಸುಳ್ಳು ಹೇಳಾಕ ನನಗ ಬರಂಗಿಲ್ಲ. ಅದಕ್ಕ ಅಲ್ಲಿ ಹಂಗ ಹೇಳ್ದೆ" ಎಂದಳು. "ಅವರು ನಮ್ಮ ಮನಿಯವ್ರು ಅಂದಿ ನೀನು. ಹಂಗಾರ ನೀನೂ ಅವರ ಮನಿಯಾಕಿ ಆದಿ. ಇನ್ನ ನನ್ನ ಒಲಿ ಮುಟ್ಟಬ್ಯಾಡ."

ನಾಗಲಿಂಗಮ್ಮ ತಾಟಿನ ಮುಂದೆ ಕೂತಳು. ಅತ್ತೆಯ ಮೇಲೆ ಅವಳಿಗೆ ಸಿಟ್ಟೂ ಬರಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಬೆಂಕಿ ಕಾಯಿಸಿಕೊಂಡವರು ಇಬ್ಬರೂ. ದುಃಖವೇನೋ ಆಯಿತು. ಆದರೆ ಅದರ ಅಡಿಯಲ್ಲೆಲ್ಲೋ, ಪಂಪಮ್ಮನಿಗೆ ಮಾತು ಕೊಟ್ಟ ದಿನ ಮೈ ಹಗುರವಾಗಿತ್ತಲ್ಲ, ಆ ಹಗುರ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಪಕ್ಕೀರಪ್ಪ ಬಟ್ಟೆಗೆ ಬಂದ. ಶಿವಬಸಮ್ಮ ತನ್ನ ಗಂಟಷ್ಟನ್ನೇ ಕೊಟ್ಟಳು. ಸೊಸೆಯ ಗಂಟು ಜಗುಲಿಯ ಮೇಲೆ ಉಳಿಯಿತು. ಪಕ್ಕೀರಪ್ಪ ಅದನ್ನು ನೋಡಿದ, ಶಿವಬಸಮ್ಮನನ್ನು ನೋಡಿದ, ಒಂದೇ ಗಂಟು ಹೆಗಲಿಗೇರಿಸಿಕೊಂಡು ನಡೆದುಬಿಟ್ಟ.

ನಾಗಲಿಂಗಮ್ಮ ಗಂಟನ್ನು ಸೊಂಟಕ್ಕೇರಿಸಿಕೊಂಡು ಹೊಳೆಗೆ ಹೊರಟಳು. ಬೆಳಗಿನ ಮಂಜು ನೀರಿನ ಮೇಲಿಂದ ಇನ್ನೂ ಕರಗಿರಲಿಲ್ಲ. ಆಚೆಯ ದಡ ಇದೆಯೋ ಇಲ್ಲವೋ ಎಂಬಂತಿತ್ತು. ಊರ ಹೆಂಗಸರು ಒಗೆಯುವ ಮೇಲಿನ ಕಟ್ಟೆಯಲ್ಲಿ ನಾಲ್ಕೈದು ಜನ ಇದ್ದರು. ನಿನ್ನೆ ಉಗುರು, ಸೆರಗು ಹಿಡಿದು ನಗುತ್ತ ಓಟು ಹಾಕಿದವರೇ. ಅವಳು ಇಳಿದು ಬರುವುದನ್ನು ಕಂಡು, ನೀರಿನಲ್ಲೇನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದರು. ಅವಳು ಅಲ್ಲಿ ನಿಲ್ಲಲಿಲ್ಲ. ದಂಡೆಗುಂಟ ಕೆಳಗೆ, ಎಲ್ಲರ ನೀರೂ ಹರಿದು ಬರುವ ತಿರುವಿನವರೆಗೆ ನಡೆದಳು. ಅಲ್ಲಿ ಪಂಪಮ್ಮ ಒಬ್ಬಳೇ ಒಗೆಯುತ್ತಿದ್ದಳು.

"ಯವ್ವಾ, ನೀವು ಇಲ್ಲ್ಯಾಕ್ರಿ?" ಎಂದು ಅವಳು ಗಾಬರಿಯಿಂದ ಎದ್ದು ನಿಂತಳು.

"ಬಟ್ಟಿ ಒಗ್ಯಾಕ."

ಪಂಪಮ್ಮ ಅವಳ ಮುಖ ನೋಡಿದಳು, ಸೊಂಟದ ಮೇಲಿನ ಗಂಟು ನೋಡಿದಳು. ಹಿಂದಿನ ಸಂಜೆ ಏನಾಗಿರಬೇಕೆಂದು ಅವಳಿಗೆ ಕೇಳದೆಯೇ ತಿಳಿಯಿತು. ಕಣ್ಣು ಒರೆಸಿಕೊಂಡು ಮತ್ತೆ ಕೂತಳು, ತನ್ನ ಬಟ್ಟೆಗಳನ್ನು ಒಂದು ಬದಿಗೆ ಎಳೆದುಕೊಂಡು ಕಲ್ಲಿನ ಮೇಲೆ ಅರ್ಧ ಜಾಗ ಬಿಟ್ಟುಕೊಟ್ಟಳು.